ಗಡ್ಡ ಬೇಕು, ಗಡ್ಡ ಬೇಡ

ಈ ಕಥೆಯನ್ನು ಮೊದಲು ಹೇಳಿದವರು ಹೊಲಿಗೆ ಟೀಚರ ಅತ್ತೆ. ಹೇಳಿದ್ದು, ಪತ್ತೇದಾರಿ ಧಾರಾವಾಹಿಯ ಶಾಲೆಯ ಕಂತು ಟಿವಿಯಲ್ಲಿ ಬಂದು ಮುಗಿದ ಸಂಜೆ, ತಮ್ಮ ಮನೆಯ ಅಂಗಳದಲ್ಲಿ. ಆ ಕಂತನ್ನು ಒಟ್ಟಿಗೆ ನೋಡಬೇಕೆಂದು ಬೀದಿಯವರೆಲ್ಲ ತಂತಮ್ಮ ಕುರ್ಚಿ ಹೊತ್ತು ಬಂದಿದ್ದರು. ಟಿವಿಯನ್ನು ಕಿಟಕಿಯೊಳಗೆ ಹೊರಮುಖವಾಗಿ ಕೂರಿಸಲಾಗಿತ್ತು. ತಮ್ಮ ಮಕ್ಕಳು ಓದುವ ಶಾಲೆಯಲ್ಲೇ ತೆಗೆದದ್ದು, ತಮ್ಮದೇ ಜಗಳದ ಮೇಲೆ ಹೆಣೆದದ್ದು ಎಂದು ಆಸೆಯಿಂದ ಕಾದವರ ಮುಖ, ಕಂತು ಮುಗಿದಾಗ, ಊಟಕ್ಕೆ ಕರೆದು ಬರೀ ತಟ್ಟೆ ತೋರಿಸಿ ಕಳಿಸಿದವರ ಮುಖದಂತಾಯಿತು. ಮುಕ್ಕಾಲು ಕಂತಿನವರೆಗೂ ಗಡ್ಡ ಬೇಕೆನ್ನುವವರೂ ಬೇಡವೆನ್ನುವವರೂ ಹಲ್ಲು ಕಡಿದು ಕಾದಾಡಿದ್ದರು. ಕಡೆಗೆ ನೋಡಿದರೆ ಕೊಂದವನು ಸಂಗೀತದ ಮೇಷ್ಟ್ರು. ಕಾರಣ ಯಾವುದೋ ಕಾಲದ ಪ್ರೇಮ. ಪತ್ತೇದಾರನು ಕಾರಿಗೊರಗಿ ನಿಂತು, ದ್ವೇಷದಿಂದ ಯಾರಿಗೂ ಒಳ್ಳೆಯದಾಗುವುದಿಲ್ಲವೆಂದು ಹೇಳಿ, ಕಪ್ಪು ಕನ್ನಡಕ ಹಾಕಿಕೊಂಡು ಹೊರಟುಹೋಗಿದ್ದ.

"ಅದೆಲ್ಲ ಸರಿ, ಗಡ್ಡದ ವಿಷಯ ಏನಾಯ್ತು?" ಎಂದು ಮೂಲೆ ಮನೆಯ ಬೇಕರಿಯವರು ಕೇಳಿದರು.

"ಅದನ್ನ ಅವ್ರು ಹೇಳಲ್ಲಪ್ಪ," ಎಂದರು ಅತ್ತೆ. "ಹೆಣ ಎತ್ತಿದ್ರೆ ಅವರ ಕಥೆ ಮುಗೀತು. ಬದುಕಿರೋರ ಗತಿ ಏನಾಯ್ತು ಅಂತ ಯಾವ ಧಾರಾವಾಹಿ ಕೇಳುತ್ತೆ? ಕೂತ್ಕೊಳ್ಳಿ, ನಾನು ಹೇಳ್ತೀನಿ."

ಅತ್ತೆ ಚಿತ್ರೀಕರಣದ ಜಾಗಕ್ಕೆ ಹೋದವರಲ್ಲ. ಅವರು ಕಣ್ಣಾರೆ ಕಾಣದ ಭಾಗವನ್ನು ಹೊಸಿಲ ಮೇಲೆ ಕುಳಿತಿದ್ದ ಸೊಸೆಯಂದಿರಿಬ್ಬರೂ ತಿದ್ದುತ್ತ ಬಂದರು. ಮನಸ್ಸಿನೊಳಗೆ ನಡೆದದ್ದನ್ನು ಹಿರಿಯವಳು ತಾನೇ ಹೇಳಿದಳು. ಮೂರು ಬಾಯಿಗಳಿಂದ ಬಂದು ಒಂದಾದ ಕಥೆಯಿದು.

ಆ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ, ಒಂದೇ ಸೂರು. ಅಡುಗೆಮನೆ ಮಾತ್ರ ಎರಡು. ನಡುವೆ ಒಂದಿಟ್ಟಿಗೆಯ ತೆಳುಗೋಡೆ ಎದ್ದದ್ದು ಜಗಳಕ್ಕಲ್ಲ, ಬೆಳಗಿನ ಅವಸರಕ್ಕೆ. ಹಿರಿಯ ಸೊಸೆ ಶಾಲೆಯ ಹೊಲಿಗೆ ಟೀಚರು. ವಾರ್ಷಿಕೋತ್ಸವದ ನಾಟಕಕ್ಕೆ ಬಟ್ಟೆ ಹೊಲಿದುಕೊಡಿ ಎಂದು ಬಂದ ಕೆಲಸ ವರ್ಷದಿಂದ ವರ್ಷಕ್ಕೆ ಬೆಳೆದು, ಈಗ ನಾಟಕಕ್ಕೆ ನಾಟಕವೇ ಅವಳ ಕೊರಳಿಗೆ ಬಿದ್ದಿತ್ತು. ಕಿರಿಯ ಸೊಸೆಗೆ ಶಾಲೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ. ವೈದ್ಯರು ಬರೆದ ಕಾಗೆಕಾಲು ಗುಬ್ಬಿಕಾಲನ್ನು ಬಿಡಿಸಿ ಓದಿ, ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಚೀಟಿಯ ಮೇಲೂ ಬರೆದು, ಬಾಯಲ್ಲೂ ಹೇಳಿ, ತಿರುಗಿ ಹೇಳಿಸಿಕೊಂಡಲ್ಲದೆ ಗಿರಾಕಿಯನ್ನು ಬಿಡದವಳು. ಅವಳ ಮಗಳಿಗೆ ಬೀದಿಯವರೆಲ್ಲ ಚಿನಕುರಳಿ ಎನ್ನುತ್ತಿದ್ದರು. ಹಿರಿಯವಳಿಗೆ ಮಕ್ಕಳಿರಲಿಲ್ಲ, ಚಿನಕುರಳಿ ಎರಡೂ ಅಡುಗೆಮನೆಯಲ್ಲಿ ಉಣ್ಣುತ್ತ ಬೆಳೆದ ಕೂಸು.

ಆ ವರ್ಷ ಹಿರಿಯವಳು ಆರಿಸಿದ್ದು ತನ್ನ ತಾಯಿ ಹೇಳುತ್ತಿದ್ದ ಕಥೆಯನ್ನು. ಗಂಡುಮಕ್ಕಳಿಲ್ಲದ ರಾಜ ಸತ್ತಾಗ ಮಗಳು ಮೇಕೆಕೂದಲಿನ ಗಡ್ಡವೊಂದನ್ನು ಹೆಣೆದು ಅಂಟಿಸಿಕೊಂಡು ಸಿಂಹಾಸನ ಏರುತ್ತಾಳೆ. ನ್ಯಾಯ ಹೇಳುತ್ತಾಳೆ, ಕೆರೆ ಕಟ್ಟಿಸುತ್ತಾಳೆ, ದಂಡೆತ್ತಿ ಬಂದವರನ್ನು ಓಡಿಸುತ್ತಾಳೆ. ಮುದುಕಿಯಾಗಿ ಸಾಯುವವರೆಗೂ ಗಡ್ಡ ತೆಗೆಯುವುದಿಲ್ಲ. ಊರಿಗೆಲ್ಲ ಗುಟ್ಟು ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ರಾಜನ ಪಾತ್ರ ಚಿನಕುರಳಿಗೆ.

ಈ ಕಥೆ ಕಿರಿಯವಳ ಅಜ್ಜಿಯ ಬಾಯಲ್ಲೂ ಇತ್ತು. ಆದರೆ ಕೊನೆ ಬೇರೆ. ಅಲ್ಲಿ ಹುಡುಗಿ ದಂಡು ಗೆದ್ದು ಬಂದ ದಿನ ತುಂಬಿದ ಸಭೆಯಲ್ಲಿ ಗಡ್ಡವನ್ನು ಕಿತ್ತು ಮಡಿಲಲ್ಲಿಟ್ಟುಕೊಂಡು, "ಈಗ ಕಾಣಿಸ್ತಾ? ಆಳಿದ್ದು ನಾನೇ" ಎನ್ನುತ್ತಾಳೆ.

ಕೊನೆಯಲ್ಲಿ ಗಡ್ಡ ತೆಗೆಯಬೇಕೋ ಬೇಡವೋ ಎಂಬುದು ಮೊದಲು ಒಂದು ಮನೆಯ ಮಾತಾಗಿತ್ತು. ಪೋಷಕರ ಸಭೆಯಲ್ಲಿ ಕಿರಿಯವಳು ಎದ್ದು ನಿಂತು ಅದನ್ನೆತ್ತಿದಾಗ, ಬೇರೆ ಬೇರೆ ಕಾರಣಗಳಿಗೆ ಬೆಂಕಿ ಹುಡುಕುತ್ತಿದ್ದವರಿಗೆಲ್ಲ ಕಡ್ಡಿ ಸಿಕ್ಕಿತು. ಹೆಣ್ಣುಮಗುವಿಗೆ ಗಡ್ಡವೇ ಎಂದು ಕೆಲವರು, ಹಿಂದಿನವರ ನಡೆ ಹಾಳಾಯಿತೆಂದು ಕೆಲವರು, ಇನ್ನು ಹಿಂದಿನವರ ಮಾತು ಸಾಕೆಂದು ಮತ್ತೆ ಕೆಲವರು. ಗದ್ದಲದಲ್ಲಿ ಕಿರಿಯವಳ ಮಾತು ಪೂರ್ತಿಯಾಗಿ ಯಾರ ಕಿವಿಗೂ ಬೀಳಲಿಲ್ಲ. ತನ್ನ ನಾಟಕವನ್ನು ತನ್ನ ಮನೆಯವಳೇ ಬೀದಿಗೆ ತಂದಳೆಂದು ಹಿರಿಯವಳಿಗೆ ಮೈಯುರಿಯಿತು.

"ಮಾತ್ರೆ ಕಟ್ಟೋರಿಗೆ ಕಥೆ ಎಲ್ಲಿ ಅರ್ಥ ಆಗ್ಬೇಕು?" ಎಂದಳು, ಎಲ್ಲರ ಮುಂದೆ.

"ಸೂಜಿ ಹಿಡಿದೋರಿಗೆ ಚುಚ್ಚೋದೊಂದೇ ಗೊತ್ತು," ಎಂದಳು ಕಿರಿಯವಳು, ಅಷ್ಟೇ ಜನರ ಮುಂದೆ.

ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು. ಹೊರಗೆ ಜಗಳ ತನ್ನ ಪಾಡಿಗೆ ತಾನು ಬೆಳೆಯಿತು. ನಾಟಕ ಬೇಕೆನ್ನುವವರು ಗಡ್ಡದವರಾದರು, ಬೇಡವೆನ್ನುವವರು ಜಡೆಯವರಾದರು. ಕಿರಿಯವಳಿಗೆ ಜಡೆಯವರ ಕಾರಣಗಳಲ್ಲಿ ಒಂದೂ ಒಪ್ಪಿಗೆಯಿರಲಿಲ್ಲ. ಆದರೆ ಒಂದೇ ಬಸ್ಸು ಹತ್ತಿದವರೆಲ್ಲ ಒಂದೇ ಕಡೆ ಇಳಿಯುವವರಲ್ಲವೆಂದು ಯಾರಿಗೆ ಹೇಳುವುದು? ಹಠ ಹಿಡಿದು ತಾನೂ ಆ ಬಸ್ಸಿನಿಂದ ಇಳಿಯಲಿಲ್ಲ. ಮಗಳನ್ನು ನಾಟಕದಿಂದ ಬಿಡಿಸಿದಳು. ಪತ್ರಿಕೆಯವರು ಬರೆದರು. ಶಾಲೆಯವರು ರಜೆ ಕಳೆಯಲಿ, ಆಮೇಲೆ ನೋಡೋಣವೆಂದು ನಾಟಕವನ್ನು ಅಟ್ಟಕ್ಕೇರಿಸಿದರು.

ಮನೆಯೊಳಗೆ ಸುದ್ದಿಗಳೆಲ್ಲ ಅತ್ತೆಯ ಮೂಲಕ ಹೋಗಿ ಬರತೊಡಗಿದವು.

"ನೀರು ನಿಂತಿದೆ ಅಂತ ಆ ಕಡೆಗೆ ಹೇಳಿ ಅತ್ತೆ."

"ಆ ಕಡೆ ಇಲ್ಲೇ ನಿಂತಿದಾಳಲ್ಲೇ, ನಿನ್ನ ಮೂಗಿನ ಎದುರಿಗೆ. ನಾನೇನು ಅಂಚೆ ಪೆಟ್ಟಿಗೆಯಾ?"

ಅತ್ತೆ ಹೀಗೆ ಗೊಣಗುತ್ತಿದ್ದರೂ ಹಿರಿಯವಳಿಗೆ ಓರಗಿತ್ತಿಯ ಮಾತು ದಿನವೂ ಕೇಳುತ್ತಿತ್ತು. ಗೋಡೆಯಾಚೆ ಕಿರಿಯವಳು ತರಕಾರಿ ಹೆಚ್ಚುತ್ತ ಗಂಡನಿಗೂ, ಗಂಡ ಎದ್ದುಹೋದ ಮೇಲೆ ಪಾತ್ರೆಗಳಿಗೂ, ತನ್ನ ವಾದವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು. ದಿನ ಕಳೆದಂತೆ ಆ ವಾದ ಸಾಣೆಗೆ ಹಿಡಿದ ಕತ್ತರಿಯಂತೆ ಹರಿತವಾಗುತ್ತ ಬಂತು. ಈಚೆ ಹಿರಿಯವಳು ಒಲೆಯ ಉರಿ ತಗ್ಗಿಸಿ ಕೇಳುತ್ತಿದ್ದಳು. ಒಮ್ಮೆ ಉತ್ತರ ನಾಲಗೆಯ ತುದಿಗೆ ಬಂದುಬಿಟ್ಟಾಗ ಸೌಟನ್ನು ಗೋಡೆಗೆ ಬಡಿದು ಸುಮ್ಮನಾದಳು.

ಒಂದು ದಿನ ಗೋಡೆಯಾಚೆಯಿಂದ ಬೇರೆ ಮಾತು ಬಂತು. ಅಂಚೆ ಕಚೇರಿಯ ಹಿಂದೆ ಒಂದು ಮನೆ ಖಾಲಿಯಿದೆ. ಮನೆಯೊಡತಿ ನೋಡಿಕೊಂಡು ಬನ್ನಿ ಎಂದು ಬೀಗದ ಕೈ ಕೊಟ್ಟಿದ್ದಾಳೆ. ಶನಿವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹಿರಿಯವಳ ಕೈಯ ಲೋಟ ಹಾಗೇ ನಿಂತಿತು. ನಾಟಕ ಹೋದರೆ ಇನ್ನೊಂದು ನಾಟಕ ಬಂದೀತು. ಚಿನಕುರಳಿ "ದೊಡ್ಡಮ್ಮ, ಇವತ್ತು ನಿನ್ನ ಕಡೆ ಏನು?" ಎಂದು ತಟ್ಟೆ ಹಿಡಿದು ಬಾರದ ಬೆಳಗನ್ನು ಅವಳು ಊಹಿಸಲಾರದೆ ಹೋದಳು. ಬೇಡ ಹೋಗಬೇಡ ಎಂಬ ಮಾತು ಅವಳ ಗಂಟಲಲ್ಲೇ ಇತ್ತು. ಆದರೆ ಸಭೆಯಲ್ಲಿ ಆಡಿದ ಮಾತು ಅದರ ದಾರಿಗೆ ಅಡ್ಡ ಕೂತಿತ್ತು.

ಧಾರಾವಾಹಿಯವರು ಬಂದದ್ದು ಅದೇ ವಾರ. ಯಾರೋ ಬರಹಗಾರ ಪತ್ರಿಕೆಯ ಸುದ್ದಿ ಓದಿ ಕಂತು ಬರೆದಿದ್ದನಂತೆ. ಶಾಲೆಗೆ ರಜೆಯಿದ್ದುದರಿಂದ ಅದೇ ಶಾಲೆಯಲ್ಲಿ ತೆಗೆಯುತ್ತಾರಂತೆ. ಗುಂಪಿನಲ್ಲಿ ನಿಲ್ಲಲು ಪೋಷಕರೇ ಬರಬೇಕಂತೆ. ಹೊಲಿಗೆ ಟೀಚರು ಕಥೆಯಲ್ಲಿ ನಾಟಕದ ಟೀಚರಾಗಿದ್ದಾಳೆ, ಮೊದಲ ದೃಶ್ಯದಲ್ಲೇ ಸತ್ತು ಬಿದ್ದಿರುತ್ತಾಳೆ, ಹೆಣದ ಮುಖಕ್ಕೆ ಗಡ್ಡ ಅಂಟಿಸಿರುತ್ತದೆ ಎಂದು ಚಿನಕುರಳಿ ಎರಡೂ ಅಡುಗೆಮನೆಗೆ ಸುದ್ದಿ ತಂದಳು.

ಆ ಧಾರಾವಾಹಿಯ ಒಂದು ಕಂತನ್ನೂ ಬಿಡದ ಅತ್ತೆಗೆ ಇದರಲ್ಲಿ ಯಾವ ಆಶ್ಚರ್ಯವೂ ಇರಲಿಲ್ಲ. "ಶಾಲೆ ಜಗಳದ ಕಥೆ ಅಂದ್ರೆ ಹಾಗೇನೇ. ಸತ್ತೋರು ಹಸುವಿನಂಥ ಸಾಧು. ಬೇಡ ಅಂದೋರು ರಾಕ್ಷಸರು. ಕೊಂದಿರೋದು ಅವರ್ಯಾರೂ ಅಲ್ಲ, ಪತ್ತೇದಾರನಿಗೆ ಕಾಫಿ ಕೊಟ್ಟೋರು."

"ನನ್ನ ಹೆಣ ನಾನೇ ನೋಡೋ ಭಾಗ್ಯ ಎಷ್ಟು ಜನಕ್ಕಿದೆ? ಹೋಗ್ತೀನಿ," ಎಂದಳು ಹಿರಿಯವಳು. ತಾನು ಯಾರೆಂದು ಅಲ್ಲಿ ಬಾಯಿ ಬಿಡಬಾರದೆಂದೂ ಗೊತ್ತುಮಾಡಿಕೊಂಡಳು. ಗೋಡೆಯಾಚೆಯಿಂದ ಕಿರಿಯವಳು ಪಾತ್ರೆಗೆ ಹೇಳಿದಳು, "ಶನಿವಾರ ನನಗೂ ರಜ."

ಹೊಲಿಗೆಯವರದೊಂದು ರೂಢಿಯಿದೆ. ಬಿದ್ದ ಸೂಜಿ, ಅಂಟಿದ ನೂಲು ತಟ್ಟನೆ ಕಾಣಲೆಂದು ಅವರು ಹೂವು ಗೆರೆಗಳಿಲ್ಲದ ಸಾದಾ ಬಟ್ಟೆ ಹಾಕುತ್ತಾರೆ. ಹಿರಿಯವಳ ಬಟ್ಟೆಗಳೆಲ್ಲ ಬೂದು ಬಣ್ಣದವು. ಔಷಧಿ ಅಂಗಡಿಯಲ್ಲಿ ದಿನವಿಡೀ ಬಿಳಿ ಕೋಟಿನೊಳಗಿರುವ ಕಿರಿಯವಳಿಗೋ, ರಜೆಯ ದಿನ ಬಂತೆಂದರೆ ಬಣ್ಣದ ಹಸಿವು. ಅವಳು ಅಂದು ಗಿಣಿಹಸಿರು ಬಟ್ಟೆಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕಿಕೊಂಡು ಹೊರಟಳು. ಇಬ್ಬರೂ ಒಂದೇ ರಸ್ತೆಯಲ್ಲಿ, ರಸ್ತೆಯ ಎರಡು ಬದಿಯಲ್ಲಿ ನಡೆದು ಶಾಲೆ ಸೇರಿದರು.

ಅಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಸಹಾಯಕ ನಿರ್ದೇಶಕಿ ಜನರನ್ನು ಎರಡು ಪಾಲು ಮಾಡುತ್ತಿದ್ದಳು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಬಟ್ಟೆ ನೋಡಿದಳು, ಕೈ ತೋರಿಸಿದಳು. ಬಣ್ಣ ಬಣ್ಣದವರೆಲ್ಲ ಗಡ್ಡ ಬೇಕೆನ್ನುವ ಕಡೆ, ಮಂಕು ಬಣ್ಣದವರೆಲ್ಲ ಗಡ್ಡ ಬೇಡವೆನ್ನುವ ಕಡೆ. ನೋಡುವವರಿಗೆ ಥಟ್ಟನೆ ತಿಳಿಯಬೇಕಲ್ಲ!

"ಗಿಣಿಹಸಿರು, ಆ ಕಡೆ. ಬೂದು ಬಣ್ಣ, ಈ ಕಡೆ ಬನ್ನಿ ಮೇಡಂ. ಮುಖ ಹಾಗೇ ಇರ್ಲಿ, ತುಂಬ ಚೆನ್ನಾಗಿ ಸಿಟ್ಟಾಗಿದೆ."

ಹಿರಿಯವಳಿಗೆ "ಗಡ್ಡ ಬೇಡ" ಎಂಬ ಹಲಗೆ ಸಿಕ್ಕಿತು. ಕಿರಿಯವಳಿಗೆ "ಗಡ್ಡ ಬೇಕು" ಎಂಬುದು. ಇಬ್ಬರೂ ಹಲಗೆ ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಇದು ತಪ್ಪಾಗಿದೆ ಎನ್ನಲು ಒಬ್ಬರಾದರೂ ಬಾಯಿ ತೆರೆಯಬೇಕಿತ್ತು. ಮೊದಲು ಅವಳು ತೆರೆಯಲಿ ಎಂದುಕೊಂಡು ಇಬ್ಬರೂ ಹಲಗೆ ಎತ್ತಿ ಹಿಡಿದರು.

ದೃಶ್ಯ ಶುರುವಾಯಿತು. ಹಿರಿಯವಳು ತುಟಿ ಮಾತ್ರ ಆಡಿಸಿದಳು. ಎದುರಿನ ಸಾಲಿನಿಂದ ಒಂದು ಕಂಠ ಉಳಿದೆಲ್ಲ ಕಂಠಗಳನ್ನೂ ಮೆಟ್ಟಿ ಎದ್ದಿತು. "ಗಡ್ಡ ಬೇಕು! ಗಡ್ಡ ಬೇಕು!" ಕಿರಿಯವಳು ಕತ್ತಿನ ನರ ಬಿಗಿದು, ಹಲಗೆ ಕುಣಿಸುತ್ತ ಕೂಗುತ್ತಿದ್ದಳು. ಅವಳ ಹಿಂದೆ ಗಡ್ಡದವರ ಮುಂದಾಳುಗಳೇ ಮಂಕಾಗಿ ಕಂಡರು. ಹಿರಿಯವಳಿಗೆ ನಗು ಬಂತು; ನಗುವ ಹಾಗಿರಲಿಲ್ಲ. ಅಷ್ಟು ದಿನದ ಮೇಲೆ ಆ ದನಿಯನ್ನು ನಡುವೆ ಗೋಡೆಯಿಲ್ಲದೆ ಕೇಳಿದ್ದು ಅದೇ ಮೊದಲು.

ಊಟದ ಬಿಡುವಿನಲ್ಲಿ ಅವಳು ತನ್ನ ಹೊಲಿಗೆ ಕೋಣೆಗೆ ಇಣುಕಿದಳು. ಮೆಷಿನುಗಳನ್ನೆಲ್ಲ ಒಂದು ಬದಿಗೆ ಸರಿಸಿದ್ದರು. ನಡುವೆ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಬಳಿ, ಹೆಣದ ಪಾತ್ರದ ನಟಿ ಗೋಡೆಗೊರಗಿ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದಳು. ಮುಖದ ತುಂಬ ಗಡ್ಡ.

"ಬನ್ನಿ ಬನ್ನಿ, ಹೆದರ್ಬೇಡಿ," ಎಂದಿತು ಹೆಣ. "ಈ ಗಡ್ಡ ಎಂಥ ಕಡಿತ ಅಂತೀರಿ! ಸತ್ತಿದೀನಲ್ಲ, ಕೆರ್ಕೊಳ್ಳೋ ಹಾಗೂ ಇಲ್ಲ."

ಹಿರಿಯವಳು ತನ್ನ ಕರವಸ್ತ್ರ ಕೊಟ್ಟಳು. "ಒಳಗಡೆ ಇಟ್ಕೊಳ್ಳಿ. ಆ ಟೀಚರ ಪಾತ್ರ ಹೇಗಿದೆ?"

"ಪಾಪ, ದೇವರಂಥೋರು ಕಣ್ರೀ. ಹಿಂದಿನದನ್ನ ತೋರಿಸೋ ದೃಶ್ಯ ನಾಲ್ಕಿದೆ. ಒಂದರಲ್ಲೂ ಸಿಟ್ಟು ಮಾಡ್ಕೊಳ್ಳಲ್ಲ. ಯಾರು ಏನಂದ್ರೂ ಮುಗುಳ್ನಗ್ತಾರೆ. ಒಂದು ಕೆಟ್ಟ ಮಾತಿಲ್ಲ ಬಾಯಲ್ಲಿ."

ಮಾತ್ರೆ ಕಟ್ಟೋರಿಗೆ ಎಂದು ತಾನು ಆಡಿದ್ದು ಹಿರಿಯವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ತನ್ನನ್ನು ಕೊಂದದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಇಷ್ಟು ಒಳ್ಳೆಯವಳನ್ನಾಗಿ ಮಾಡಿದ್ದು ಮಾತ್ರ ಯಾಕೋ ಸಹಿಸಲಿಲ್ಲ. ಇಷ್ಟು ಒಳ್ಳೆಯವಳ ಎದುರಿಗೆ ನಿಂತವಳು ರಾಕ್ಷಸಿಯಾಗಲೇಬೇಕಲ್ಲ!

ಮಧ್ಯಾಹ್ನ ನಿರ್ದೇಶಕರಿಗೆ ಜಡೆಯವರ ಗುಂಪಿನಿಂದ ಒಂದು ಮುಖ ಬೇಕಾಯಿತು. ಪತ್ತೇದಾರನು ಶಾಲೆಯ ಮೆಟ್ಟಿಲ ಮೇಲೆ ಅವಳನ್ನು ಪ್ರಶ್ನಿಸುತ್ತಾನೆ, ಅವಳು ಒಂದು ಮಾತು ಹೇಳುತ್ತಾಳೆ, ಅಷ್ಟೆ. ಎಲ್ಲರ ಬೆರಳೂ ಬೂದು ಬಟ್ಟೆಯ ಕಡೆಗೇ ತಿರುಗಿತು. ಹೇಳಬೇಕಾದ ಮಾತನ್ನು ಸಹಾಯಕ ನಿರ್ದೇಶಕಿ ಬಾಯಿಪಾಠ ಮಾಡಿಸಿದಳು: "ನಾಟಕ ನಿಲ್ಲಬೇಕಿತ್ತು, ನಿಂತಿತು. ಸತ್ತವಳಿಗಾಗಿ ಸುರಿಸೋಕೆ ನನ್ನಲ್ಲಿ ಕಣ್ಣೀರಿಲ್ಲ!"

ಕಪ್ಪು ಕನ್ನಡಕದ ಪತ್ತೇದಾರ ಕೇಳಿದ, "ಈ ನಾಟಕ ನಿಲ್ಲಿಸೋಕೆ ನೀವು ಏನು ಬೇಕಾದ್ರೂ ಮಾಡ್ತಿದ್ರಿ, ಅಲ್ವಾ?"

ಹಿರಿಯವಳು ಬಾಯಿ ತೆರೆದಳು. ಎದುರಿನ ಸಾಲಿನಲ್ಲಿ ಗಿಣಿಹಸಿರು ಅಲುಗಾಡದೆ ನಿಂತಿತ್ತು. ಮಾತು ಹೊರಡಲಿಲ್ಲ.

"ಮರೆತೋಯ್ತಾ? ಪರವಾಗಿಲ್ಲಮ್ಮ," ಎಂದರು ನಿರ್ದೇಶಕರು. "ನಿಮ್ಮ ಮಾತಲ್ಲೇ ಹೇಳಿ. ಈ ನಾಟಕ ಯಾಕೆ ಬೇಡ? ಅಷ್ಟೇ."

ಆಗ ಹಿರಿಯವಳ ಬಾಯಿಂದ ಬಂದದ್ದು ಅವಳ ಮಾತಾಗಿರಲಿಲ್ಲ. ಒಲೆಯ ಉರಿ ತಗ್ಗಿಸಿ ಕೇಳಿದ ಮಾತು, ಒಂದು ಅಕ್ಷರವೂ ಕೆಳಗೆ ಬೀಳದೆ, ಉಸಿರು ತೆಗೆಯುವ ಜಾಗವೂ ತಪ್ಪದೆ ಬಂತು.

"ನಾಟಕ ಬೇಡ ಅಂತಲ್ಲ. ಹುಡುಗಿ ರಾಜ ಆಗ್ಬಾರದು ಅಂತಲೂ ಅಲ್ಲ, ಆಗ್ಲಿ, ನನ್ನ ಮಗಳೇ ಆಗ್ಲಿ. ಆದ್ರೆ ಸಾಯೋವರೆಗೂ ಗಡ್ಡ ಇಟ್ಕೊಂಡೇ ಇದ್ರೆ, ರಾಜ್ಯ ಆಳಿದ್ದು ಯಾರು? ಗಡ್ಡ ಆಳಿದ್ದು. ನಾಳೆ ನನ್ನ ಮಗಳು ಎಲ್ಲಿಗೇ ಹೋದ್ರೂ, ಏನೇ ಮಾಡಿದ್ರೂ, ಮೊದ್ಲು ಒಂದು ಗಡ್ಡ ಹುಡುಕ್ತಾಳೆ. ನನ್ನಜ್ಜಿ ಕಥೇಲಿ ಆ ಹುಡುಗಿ ತುಂಬಿದ ಸಭೇಲಿ ಅದನ್ನ ಕಿತ್ತು ಮಡಿಲಲ್ಲಿ ಇಟ್ಕೊಳ್ತಾಳೆ. ಅದೊಂದು ನಿಮಿಷ ಬೇಕು ನನಗೆ. ಅಷ್ಟು ಕೇಳಿದ್ದಕ್ಕೆ ನನ್ನನ್ನ ಎಲ್ಲೋ ತಗೊಂಡೋಗಿ ನಿಲ್ಲಿಸಿದ್ರಲ್ಲ!"

ಶಾಲೆಯ ಅಂಗಳದಲ್ಲಿ ಎರಡು ಸಾಲಿನವರೂ ಹಲಗೆ ಇಳಿಸಿ ನಿಂತರು. ಎಷ್ಟು ಹೊತ್ತು ಎಂಬಲ್ಲಿ ಹೇಳಿಕೆಗಳು ಬೇರೆಯಾಗುತ್ತವೆ: ಹಿರಿಯವಳ ಪ್ರಕಾರ ಒಂದು ಉಸಿರಿನಷ್ಟು, ಕಿರಿಯವಳ ಪ್ರಕಾರ ಹಾಲು ಉಕ್ಕಿ ಒಲೆ ಆರುವಷ್ಟು.

ನಿರ್ದೇಶಕರು ತಲೆ ಕೆರೆದುಕೊಂಡರು. "ಚೆನ್ನಾಗಿದೆಯಮ್ಮ, ಬಹಳ ಚೆನ್ನಾಗಿದೆ. ಆದ್ರೆ ಇದು ಕಾರಣ ಆಯ್ತು. ನಮಗೆ ಬೇಕಿರೋದು ದ್ವೇಷ. ಇಷ್ಟು ಸರಿಯಾಗಿ ಮಾತಾಡಿದ್ರೆ ನಿಮ್ಮ ಮೇಲೆ ಯಾರಿಗೆ ಅನುಮಾನ ಬರುತ್ತೆ? ಸ್ವಲ್ಪ ಹಲ್ಲು ಕಡೀರಿ. ಆ ಟೀಚರು ಸತ್ತಿದ್ದೇ ಒಳ್ಳೇದಾಯ್ತು ಅನ್ನಿ."

"ಹಾಗೆ ಅವಳು ಅನ್ನಲ್ಲ."

"ಯಾರು?"

"ನನ್ನ ಓರಗಿತ್ತಿ. ಇದು ಅವಳ ಮಾತು."

"ಅವರೆಲ್ಲಿದ್ದಾರೆ?"

"ಅಗೋ, ಗಿಣಿಹಸಿರು."

"ಅವರು ಗಡ್ಡ ಬೇಕು ಅನ್ನೋರಲ್ವಾ? ಬೆಳಗಿಂದ ಅವರದೇ ಗಂಟಲು!"

"ಗಡ್ಡ ಬೇಕು ಅನ್ನೋಳು ನಾನು. ನೀವು ಬಟ್ಟೆ ನೋಡಿ ನಿಲ್ಲಿಸಿದ್ರಿ."

ಹೊಲಿಗೆ ಕೋಣೆಯ ಬಾಗಿಲಲ್ಲಿ ಗಡ್ಡದ ಹೆಣ ಕಾಣಿಸಿಕೊಂಡಿತು. "ಒಂದ್ನಿಮಿಷ. ಹಾಗಾದ್ರೆ ನಾನು ಯಾರು?"

"ನೀವು ನಾನು," ಎಂದಳು ಹಿರಿಯವಳು. "ಆದ್ರೆ ನಾನು ಅಷ್ಟೊಂದು ಒಳ್ಳೆಯವಳಲ್ಲ. ನನ್ನ ಓರಗಿತ್ತೀನ ಬೈದಿದೀನಿ, ಎಲ್ಲರ ಮುಂದೆ. ಬೈಬೇಕು ಅನಿಸಿದ್ರೆ ಇನ್ನೂ ಬೈತೀನಿ. ಅದು ನನಗೂ ಅವಳಿಗೂ ಸೇರಿದ್ದು. ಅವಳನ್ನ ಕೊಲೆಗಾತಿ ಥರ ತೋರಿಸೋಕೆ ನನ್ನ ಬಾಯಿ ನಾನು ಕೊಡಲ್ಲ. ತಗೊಳ್ಳಿ ನಿಮ್ಮ ಹಲಗೆ."

ಎರಡು ಸಾಲಿನವರೂ ನಕ್ಕರು. ಗಡ್ಡದವರು ತಮ್ಮ ಸಾಲಿನಲ್ಲಿದ್ದ ಜಡೆಯವರನ್ನೂ, ಜಡೆಯವರು ತಮ್ಮ ಸಾಲಿನಲ್ಲಿದ್ದ ಗಡ್ಡದವರನ್ನೂ ಆಗ ತಿರುಗಿ ಎಣಿಸತೊಡಗಿದರು. ಮಂಕು ಬಣ್ಣದ ಬಟ್ಟೆಯವರು ಎರಡು ಪಕ್ಷದಲ್ಲೂ ಸರಿಸಮನಾಗಿದ್ದರು. ನಿರ್ದೇಶಕರಿಗೆ ಬೆಳಕು ಹೋಗುವ ಚಿಂತೆ. ಸಾಲು ಬದಲಿಸಲು ಪುರುಸೊತ್ತಿಲ್ಲವೆಂದು, ಕಣ್ಣೀರಿಲ್ಲದ ಆ ಮಾತನ್ನು ಸಹಾಯಕ ನಿರ್ದೇಶಕಿಗೇ ಬೂದು ಹೊದಿಕೆ ಹೊದಿಸಿ ಹೇಳಿಸಿದರು. ಅವಳು ಹಲ್ಲು ಚೆನ್ನಾಗಿ ಕಡಿದಳು.

ಸಂಜೆ ಇಬ್ಬರೂ ಶಾಲೆಯ ಗೇಟು ದಾಟಿದರು. ಹಿರಿಯವಳು ರೂಢಿಯಂತೆ ಎಡಬದಿ ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ ಕಿತ್ತಳೆ ಹೊದಿಕೆ ರಸ್ತೆ ದಾಟಿ ಅವಳ ಪಕ್ಕಕ್ಕೆ ಬಂತು.

"ಒಂದು ಕಡೆ ತಪ್ಪಿದ್ರಿ ಅಕ್ಕ."

ಹಿರಿಯವಳು ಬಿಟ್ಟುಕೊಡಲಿಲ್ಲ. "ಎಲ್ಲಿ? ಒಂದಕ್ಷರ ತಪ್ಪಿಲ್ಲ."

"ಅಜ್ಜಿ ಕಥೇಲಿ ಗಡ್ಡ ಕಿತ್ತು ಮಡಿಲಲ್ಲಿ ಇಟ್ಕೊಳ್ಳೋದು ದಂಡು ಗೆದ್ದ ದಿನ. ಅದನ್ನ ಹೇಳ್ಲಿಲ್ಲ ನೀವು. ಗೆಲ್ಲೋ ಮುಂಚೆನೋ ಆಮೇಲೋ ಅನ್ನೋದು ಮುಖ್ಯ."

"ಮಾತ್ರೆ ಥರ," ಎಂದಳು ಹಿರಿಯವಳು, ತಡೆಯಲಾರದೆ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು.

ಕಿರಿಯವಳು ನಕ್ಕುಬಿಟ್ಟಳು. "ಹೂಂ, ಮಾತ್ರೆ ಥರಾನೇ. ಅಷ್ಟೆಲ್ಲ ನಿಮಗೆ ಹೇಗೆ ಬಾಯಿಗೆ ಬಂತು? ಸಭೇಲಿ ನಾನು ಅರ್ಧಾನೂ ಹೇಳಿರ್ಲಿಲ್ಲ."

"ಪಾತ್ರೆಗೆ ಹೇಳ್ತಿದ್ದೆಯಲ್ಲ."

"ಪಾತ್ರೆ ಬಂದು ನಿಮಗೆ ಹೇಳ್ತಾ?"

"ಕಿವಿ ಇರೋದೇ ತಪ್ಪಾ? ಹೋಗ್ಲಿ, ಗಡ್ಡ ಬೇಕು ಅಂತ ಕೂಗೋಕೆ ನಿನಗೆ ಅಷ್ಟು ಗಂಟಲು ಎಲ್ಲಿಂದ ಬಂತು?"

"ಕೆಲಸ ಅಂದ್ಮೇಲೆ ಸರಿಯಾಗಿ ಮಾಡ್ಬೇಕು ಅಕ್ಕ," ಎಂದಳು ಕಿರಿಯವಳು. ಆಮೇಲೆ ಹೇಳಿದಳು, "ಕೂಗ್ತಾ ಕೂಗ್ತಾ ಒಂಥರಾ ಅನಿಸ್ತು. ನಿಮ್ಮಮ್ಮನ ಕಥೇಲಿ ಊರಿಗೆಲ್ಲ ಗೊತ್ತಿದ್ದೂ ಯಾರೂ ಹೇಳಲ್ಲ ಅಲ್ವಾ? ಅದು ಕೆಟ್ಟ ಊರಲ್ಲ."

"ಒಳ್ಳೆ ಊರೇ," ಎಂದಳು ಹಿರಿಯವಳು. ಸಭೆಯ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕಿರಿಯವಳು ಅಂಚೆ ಕಚೇರಿಯ ಹಿಂದಿನ ತಿರುವಿನಲ್ಲಿ ನಿಂತಳು.

"ಇಲ್ಲೇ ಇರಿ, ಬಂದೆ," ಎಂದು ಒಳದಾರಿಗೆ ಹೊಕ್ಕಳು.

ಶನಿವಾರವೆಂಬುದು ಹಿರಿಯವಳಿಗೆ ಆಗ ನೆನಪಾಯಿತು. ಅಲ್ಲೇ ಅಂಚೆ ಪೆಟ್ಟಿಗೆಯ ಪಕ್ಕ ನಿಂತಳು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದರೂ ಸರಿಯಲಿಲ್ಲ. ಮಾತು ಕೂಡಿಬಂದ ದಿನವೇ ಮನೆ ಒಡೆಯುವುದೆಂದರೆ, ಉಣ್ಣಲು ಕೂತಾಗ ತಟ್ಟೆ ಎಳೆದಂತೆ. ಹಿಂದೆಯೇ ಹೋಗಿ ಕೈ ಹಿಡಿದು ಎಳೆದು ತರಲೇ ಎಂದುಕೊಂಡಳು. ಹೆಜ್ಜೆಯನ್ನೂ ಇಟ್ಟಳು. ಅಷ್ಟರಲ್ಲಿ ಕಿರಿಯವಳು ತಿರುವಿನಲ್ಲಿ ಬರುತ್ತಿರುವುದು ಕಾಣಿಸಿತು.

"ಕೊಟ್ಟು ಬಂದೆ," ಎಂದಳು.

"ಮುಂಗಡವಾ?" ಹಿರಿಯವಳ ದನಿ ದಾರದಷ್ಟು ಸಣ್ಣಗಾಗಿತ್ತು.

"ಬೀಗದ ಕೈ. ಬೇಡ ಅಂದೆ. ಆ ಮನೆ ಗೋಡೆಗಳು ಮೊಳ ದಪ್ಪ ಇವೆ ಅಕ್ಕ. ಅಲ್ಲಿ ನಿಂತು ನಾನು ಪಾತ್ರೆಗೆ ಹೇಳಿದ್ರೆ ಪಾತ್ರೆ ಒಂದೇ ಕೇಳ್ಬೇಕು." ಹಿರಿಯವಳ ಕಣ್ಣು ನೋಡಿ, "ಇದೇನಿದು, ಅವರಿಗೆ ಬೇಕು ಅಂದಾಗ ಇಲ್ದೆ ಇದ್ದ ಕಣ್ಣೀರು!" ಎಂದು ಛೇಡಿಸಿ, ಹೊದಿಕೆಯ ತುದಿಯನ್ನು ಅವಳ ಕೈಗೆ ಕೊಟ್ಟಳು.

"ಮಾತ್ರೆ ಕಟ್ಟೋರು ಅಂದಿದ್ದು ತಪ್ಪಾಯ್ತು ಕಣೇ."

"ಸೂಜಿ ಹಿಡಿದೋರು ಅಂದಿದ್ದು ನಂದೂ ತಪ್ಪೇ. ಆದ್ರೆ ಮಾತು ಚೆನ್ನಾಗಿತ್ತು."

"ನಂದೂ ಚೆನ್ನಾಗಿತ್ತು."

ಹೀಗೆ ಯಾರ ಬೈಗುಳ ಹೆಚ್ಚು ಚೆನ್ನಾಗಿತ್ತೆಂಬ ವಾದದಲ್ಲಿ ಇಬ್ಬರೂ ಮನೆಯ ಗೇಟಿನವರೆಗೆ ಬಂದಾಗ, ಅತ್ತೆ ಜಗುಲಿಯ ಮೇಲಿದ್ದರು. ಸೊಸೆಯಂದಿರ ಜಗಳದ ಸದ್ದು ಕೇಳಿ ಅವರಿಗೆ ಎದ್ದುಬಂದು ನೋಡುವಷ್ಟು ಆನಂದವಾಯಿತಂತೆ.

"ಇಷ್ಟೇ ಕಥೆ," ಎಂದು ಅತ್ತೆ ಮುಗಿಸಿದರು. "ಟಿವಿಯೋರು ಇವಳ ಮಾತನ್ನ ಕತ್ತರಿಸಿ ಬಿಸಾಕಿದ್ರು. ನೋಡಿದ್ರಲ್ಲ, ಇವಳ ಬೆನ್ನು, ಅವಳ ಗಂಟಲು, ಎರಡೇ ಬಂದಿದ್ದು."

"ಅವರಿಗೆ ಅದರಲ್ಲಿ ಹೆಣ ಸಿಗಲಿಲ್ಲವಲ್ಲ," ಎಂದರು ಬೇಕರಿಯವರು. "ಆದ್ರೂ ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲಮ್ಮ. ಶಾಲೆಯೋರು ನಾಟಕಾನ ಅಟ್ಟದಿಂದ ಇಳಿಸಿದಾರೆ, ಮುಂದಿನ ತಿಂಗಳು ಇದೆ, ಚಿನಕುರಳಿ ರಾಜ, ಅದು ಗೊತ್ತು. ಕೊನೇಲಿ ಗಡ್ಡ ತೆಗೀತಾಳೋ, ಇಲ್ವೋ?"

"ಇಲ್ಲ," ಎಂದಳು ಹಿರಿಯವಳು.

"ತೆಗೀತಾಳೆ," ಎಂದಳು ಕಿರಿಯವಳು.

"ಯಾವಾಗ ಒಪ್ಪಿದೆ ನಾನು?"

"ನಿನ್ನೆ ಬೆಳಿಗ್ಗೆ ಒಪ್ಪಿದ್ರಿ, ಗೋಡೆ ಈಚೆಯಿಂದ ಕೇಳಿಸ್ಕೊಂಡಿದೀನಿ."

"ಅದು ಪಾತ್ರೆಗೆ ಹೇಳಿದ್ದು!"

ಚಿನಕುರಳಿ ಇಬ್ಬರ ನಡುವೆ ಆಕಳಿಸುತ್ತಿದ್ದಳು. ಯಾರೋ ಅವಳನ್ನೇ ಕೇಳಿ ಎಂದರು. ಅವಳು, ನಾಟಕದ ದಿನ ಬಂದು ನೋಡಿ ಎಂದು ಹೇಳಿ ದೊಡ್ಡಮ್ಮನ ಮಡಿಲಿಗೆ ತಲೆಯಿಟ್ಟಳು. ವಾದ ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ. ಅತ್ತೆ ಕಿಟಕಿಯಿಂದ ಟಿವಿಯನ್ನು ಒಳಗೆ ತಿರುಗಿಸಿದರು. ಬೀದಿಯವರು ಒಬ್ಬೊಬ್ಬರಾಗಿ ಎದ್ದು, ಸೊಂಟ ನೀವಿಕೊಂಡು, ತಂತಮ್ಮ ಕುರ್ಚಿಗಳನ್ನು ಗುರುತಿಸಿ ಎತ್ತಿಕೊಂಡರು. ಗಡ್ಡದವರು ಯಾರೋ ಜಡೆಯವರ ಕುರ್ಚಿಯನ್ನೂ ಹಿಡಿದುಕೊಂಡರು, ಒಂದೇ ದಾರಿಯಲ್ಲವೇ ಎಂದು. ಗೇಟು ಕಿರುಗುಟ್ಟಿತು. ಹಿಂದಿನಿಂದ ಸೊಸೆಯಂದಿರ ದನಿ ಕೇಳುತ್ತಲೇ ಇರಲು, ಎಲ್ಲರೂ ನಗುನಗುತ್ತ ತಮ್ಮ ತಮ್ಮ ಮನೆಗೆ ಹೋದರು.